ನೆಕ್ಸಸ್ ಲೇನ್‌ನಲ್ಲಿ ಗಡಿ ದಾಟುವುದು ಹೇಗೆ? ಕಾರ್ಡ್ ಪಡೆಯುವುದರಿಂದ ಉಳಿಸಿಕೊಳ್ಳುವವರೆಗೆ

ಅಮೆರಿಕದ ಸಿಯಾಟಲ್‌ನಿಂದ ಕೆನಡಾದ ವ್ಯಾಂಕೂವರ್‌ಗೆ ಕಾರಿನಲ್ಲಿ ಎರಡೂವರೆ, ಮೂರು ತಾಸಿನ ದಾರಿ. ಸಾಲುರಜೆ ಬಂದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಪೀಸ್ ಆರ್ಚ್ ಗಡಿಯಲ್ಲಿ ಕಾರುಗಳ ಸಾಲು ಬೆಳೆದು ಅಲ್ಲೇ ಒಂದೆರಡು ತಾಸು ಕಳೆದುಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಲೇನಿನ ಕಾರುಗಳು ಬಂದು ಬಂದು ದಾಟಿ ಹೋಗುತ್ತಿರುತ್ತವೆ. ಅದು ನೆಕ್ಸಸ್ ಲೇನ್. ಅಮೆರಿಕದ ಸಿಬಿಪಿ ಮತ್ತು ಕೆನಡಾದ ಸಿಬಿಎಸ್‌ಎ ಎಂಬ ಎರಡು ಗಡಿ ಇಲಾಖೆಗಳು ಸೇರಿ ನಡೆಸುವ 'ನಂಬಿಕಸ್ಥ ಪ್ರಯಾಣಿಕ' ಯೋಜನೆಯ ಸಾಲು. ನಿಮ್ಮ ಪೂರ್ವಾಪರವನ್ನೆಲ್ಲ ಎರಡೂ ದೇಶ ಮೊದಲೇ ಜಾಲಾಡಿ ಮುಗಿಸಿರುವುದರಿಂದ ಬೂತ್‌ನಲ್ಲಿ ಕೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಹಾಗೆಂದು ಅಲ್ಲಿ ಸಡಿಲಿಕೆ ಇದೆ ಎಂದುಕೊಂಡರೆ ಕೆಟ್ಟಿರಿ. ಮಾಮೂಲಿ ಸಾಲಿನಲ್ಲಿ ಎಚ್ಚರಿಕೆಯಲ್ಲಿ ಮುಗಿಯಬಹುದಾದ ತಪ್ಪಿಗೆ ಇಲ್ಲಿ ಕಾರ್ಡೇ ಹೋಗುತ್ತದೆ.

ಯಾರಿಗೆ ಸಿಗುತ್ತದೆ

ಅಮೆರಿಕ ಅಥವಾ ಕೆನಡಾದ ಪ್ರಜೆಗಳು ಮತ್ತು ಕಾಯಂ ನಿವಾಸಿಗಳು, ಅಂದರೆ ಗ್ರೀನ್ ಕಾರ್ಡ್ ಇಲ್ಲವೇ ಕೆನಡಾದ ಪಿಆರ್ ಇರುವವರು ಅರ್ಜಿ ಹಾಕಬಹುದು. ಎಚ್-1ಬಿ ಉದ್ಯೋಗ ವೀಸಾದಲ್ಲಿ ಎಷ್ಟೇ ವರ್ಷ ಇದ್ದರೂ ನೆಕ್ಸಸ್ ಸಿಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು 2017ರಿಂದ ಅಮೆರಿಕದ ಗ್ಲೋಬಲ್ ಎಂಟ್ರಿ ಎಂಬ ಇನ್ನೊಂದು ನಂಬಿಕಸ್ಥ ಪ್ರಯಾಣಿಕ ಯೋಜನೆಗೆ ಅರ್ಜಿ ಹಾಕಬಹುದು ನಿಜ, ಆದರೆ ಅದು ವಿಮಾನ ನಿಲ್ದಾಣದ ಅನುಕೂಲ. ಗ್ಲೋಬಲ್ ಎಂಟ್ರಿ ಕಾರ್ಡ್ ಇರುವ ಗ್ರೀನ್ ಕಾರ್ಡ್‌ದಾರರು ಅಮೆರಿಕದ ಕಡೆಗೆ ಬರುವಾಗ ಮಾತ್ರ ನೆಕ್ಸಸ್ ಲೇನ್ ಬಳಸಬಹುದು. ಕೆನಡಾದ ಕಡೆಗೆ ಹೋಗುವಾಗ ಆ ಕಾರ್ಡ್ ನಡೆಯುವುದಿಲ್ಲ. ಮೆಕ್ಸಿಕೊ ಗಡಿಯಲ್ಲಿ ಇದೇ ಬಗೆಯ ಯೋಜನೆಗೆ ಸೆಂಟ್ರಿ ಎಂದು ಹೆಸರು. ಅಲ್ಲಿ ಜನರ ಜತೆಗೆ ಕಾರನ್ನೂ ನೋಂದಾಯಿಸಿರಬೇಕು.

ಅರ್ಜಿ ಹಾಕುವ ಮೊದಲು ಒಂದು ಲೆಕ್ಕ ಹಾಕಿ. ಲೇನ್ ಬಳಸಲು ಕಾರಿನಲ್ಲಿರುವ ಪ್ರತಿಯೊಬ್ಬರಿಗೂ ಕಾರ್ಡ್ ಇರಬೇಕು, ಹಿಂದಿನ ಸೀಟಿನಲ್ಲಿ ಮಲಗಿರುವ ಕೂಸಿಗೂ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ನಯಾಗರ ತೋರಿಸಬೇಕು ಎಂದು ಹೊರಟ ಕಾರಿಗೆ ಈ ಲೇನ್ ಇಲ್ಲ. ಸಂದರ್ಶಕ ವೀಸಾದಲ್ಲಿ ಬಂದವರಿಗೆ ನೆಕ್ಸಸ್ ಕೊಡುವುದಿಲ್ಲ. ಮನೆಯಲ್ಲಿ ಒಬ್ಬರದು ಗ್ರೀನ್ ಕಾರ್ಡ್, ಇನ್ನೊಬ್ಬರದು ಇನ್ನೂ ಎಚ್-4 (ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ) ಆಗಿದ್ದರೆ ಕಾರಿನ ಪ್ರಯಾಣದ ಮಟ್ಟಿಗೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ಇಬ್ಬರದೂ ಆಗಲಿ ಎಂದು ಕಾಯುವುದೇ ಜಾಣತನ.

2024ರ ಅಕ್ಟೋಬರ್ 1ರಿಂದ ಅರ್ಜಿ ಶುಲ್ಕ 50 ಡಾಲರ್‌ನಿಂದ 120 ಅಮೆರಿಕನ್ ಡಾಲರ್‌ಗೆ ಏರಿದೆ. ಅರ್ಜಿ ತಿರಸ್ಕಾರವಾದರೂ ಹಣ ವಾಪಸಿಲ್ಲ. ತಂದೆ ಅಥವಾ ತಾಯಿ ಸದಸ್ಯರಾಗಿದ್ದರೆ, ಇಲ್ಲವೇ ಜತೆಯಲ್ಲೇ ಅರ್ಜಿ ಹಾಕುತ್ತಿದ್ದರೆ, 18 ತುಂಬದ ಮಕ್ಕಳಿಗೆ ಶುಲ್ಕವಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ 240 ಡಾಲರ್. ಐದು ವರ್ಷ ಬಾಳುತ್ತದೆ. ಗ್ಲೋಬಲ್ ಎಂಟ್ರಿಗೂ ಈಗ ಅಷ್ಟೇ ಶುಲ್ಕ. ಅಮೆರಿಕದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್‌ದಾರರಿಗೆ ನೆಕ್ಸಸ್ ಜತೆ ಗ್ಲೋಬಲ್ ಎಂಟ್ರಿಯ ಸೌಲಭ್ಯವೂ ಬರುವುದರಿಂದ, ಗಡಿಗೆ ಹತ್ತಿರದಲ್ಲಿರುವವರು ನೆಕ್ಸಸ್ ಮಾಡಿಸುವುದೇ ಲಾಭ.

ಅರ್ಜಿ: ಎಲ್ಲಿ ಸಿಕ್ಕಿಕೊಳ್ಳುತ್ತದೆ

ಅಮೆರಿಕ ಸರ್ಕಾರದ ಟಿಟಿಪಿ (ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಮ್ಸ್) ಪೋರ್ಟಲ್‌ನಲ್ಲಿ ಲಾಗಿನ್.ಗವ್ ಎಂಬ ಸರ್ಕಾರಿ ಲಾಗಿನ್ ಖಾತೆ ತೆರೆದು ಅರ್ಜಿ ತುಂಬಬೇಕು. ಕೆನಡಾದಲ್ಲಿರುವವರಿಗೂ ಇದೇ ಪೋರ್ಟಲ್. ಮಕ್ಕಳಿಗೂ ಬೇರೆ ಬೇರೆ ಅರ್ಜಿ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಅಥವಾ ಪಿಆರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಮುಂದಿಟ್ಟುಕೊಂಡು ಕುಳಿತುಕೊಳ್ಳಿ.

ಕಳೆದ ಐದು ವರ್ಷಗಳ ಮನೆ ವಿಳಾಸ, ಉದ್ಯೋಗ, ಹೋಗಿಬಂದ ದೇಶಗಳನ್ನು ಕೇಳುತ್ತಾರೆ. ವಿಳಾಸ ಮತ್ತು ಉದ್ಯೋಗದ ತಿಂಗಳುಗಳು ಒಂದಕ್ಕೊಂದು ಕೂಡಿಕೊಳ್ಳಬೇಕು. ಒಂದು ಬಾಡಿಗೆ ಮನೆ ಮಾರ್ಚ್‌ಗೆ ಬಿಟ್ಟು ಇನ್ನೊಂದಕ್ಕೆ ಮೇನಲ್ಲಿ ಹೋದೆವೆಂದು ಬರೆದರೆ ನಡುವೆ ಎಲ್ಲಿದ್ದಿರಿ ಎಂಬ ಪ್ರಶ್ನೆ ಏಳುತ್ತದೆ. ಎರಡು ತಿಂಗಳು ಬೆಂಗಳೂರಿನಲ್ಲಿ ಕೂತು ಕೆಲಸ ಮಾಡಿದ್ದರೆ ಅದನ್ನೂ ಬರೆಯಿರಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು, ಅಪ್ಪನ ಹೆಸರು, ಊರ ಹೆಸರು ಎಲ್ಲವನ್ನೂ ಗಿವನ್ ನೇಮ್‌ನಲ್ಲೇ ತುಂಬಿದವರು ಬಹಳ. ಅಮೆರಿಕದ ವೀಸಾದಲ್ಲಿ ಆ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಕೂತಿರುತ್ತದೆ. ಲೈಸೆನ್ಸ್‌ನಲ್ಲಿ ಮೂರನೆಯದೇ ಒಂದು ರೂಪ. ಅರ್ಜಿಯಲ್ಲಿ ಪ್ರತಿ ದಾಖಲೆಯ ವಿವರವನ್ನು ಆ ದಾಖಲೆಯಲ್ಲಿ ಇರುವಂತೆಯೇ ತುಂಬಿ, ಬೇರೆ ರೂಪಗಳನ್ನು 'ಇತರ ಹೆಸರುಗಳು' ಎಂಬಲ್ಲಿ ಕೊಡಿ. ಚೆನ್ನಾಗಿ ಕಾಣಲಿ ಎಂದು ಇನಿಷಿಯಲ್ ಬಿಡಿಸಿ ಬರೆಯಲು ಹೋಗಬೇಡಿ.

ಹಳೆಯ ಪೊಲೀಸ್ ಪ್ರಕರಣ, ಕುಡಿದು ವಾಹನ ಓಡಿಸಿದ್ದು, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ದಂಡ ಕಟ್ಟಿದ್ದು ಇಂಥವು ಅರ್ಜಿಯನ್ನು ಕೆಡಿಸುತ್ತವೆ. ಮುಚ್ಚಿಟ್ಟರೆ ಖಂಡಿತ ಕೆಡುತ್ತದೆ. ಎರಡು ದೇಶಗಳಲ್ಲಿ ಒಂದು ಬೇಡವೆಂದರೂ ಕಾರ್ಡ್ ಇಲ್ಲ.

ಸಂದರ್ಶನ

ಪರಿಶೀಲನೆ ಮುಗಿದರೆ ಷರತ್ತಿನ ಮಂಜೂರಾತಿ ಬರುತ್ತದೆ. ಕೆಲವರಿಗೆ ವಾರಗಳಲ್ಲಿ ಬಂದರೆ ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆಮೇಲೆ ನೋಂದಣಿ ಕೇಂದ್ರದಲ್ಲಿ ಸಂದರ್ಶನಕ್ಕೆ ದಿನ ಹಿಡಿಯಬೇಕು. ಕಷ್ಟದ ಹಂತ ಇದೇ. ದಿನವೇ ಇಲ್ಲ ಎಂದು ಕೈಬಿಡಬೇಡಿ. ಬೇರೆಯವರು ರದ್ದು ಮಾಡಿದ ಜಾಗಗಳು ಆಗಾಗ ತೆರೆದುಕೊಳ್ಳುತ್ತವೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಪೋರ್ಟಲ್ ನೋಡುತ್ತಿದ್ದವರಿಗೆ ಬೇಗ ಸಿಗುತ್ತದೆ. ಮನೆಮಂದಿಗೆಲ್ಲ ಬೇರೆ ಬೇರೆ ಹೊತ್ತು ಗೊತ್ತುಮಾಡಬೇಕು, ಮಕ್ಕಳೂ ಖುದ್ದಾಗಿ ಬರಬೇಕು.

2022ರಲ್ಲಿ ಕೆನಡಾದ ನೆಲದಲ್ಲಿರುವ ನೋಂದಣಿ ಕೇಂದ್ರಗಳು ಮುಚ್ಚಿಯೇ ಇದ್ದವು. ಅಲ್ಲಿ ಕೆಲಸ ಮಾಡುವ ಅಮೆರಿಕನ್ ಅಧಿಕಾರಿಗಳಿಗೆ ಯಾವ ಕಾನೂನು ರಕ್ಷಣೆ, ಅವರ ಬಳಿ ಬಂದೂಕು ಇರಬಹುದೇ ಎಂಬ ತಕರಾರು ಅದು. ಮುಂದೆ ಇದಕ್ಕೆ ಸುತ್ತುದಾರಿ ಕಂಡುಕೊಂಡು, ಕೆಲವೆಡೆ ಸಂದರ್ಶನವನ್ನು ಎರಡು ತುಂಡು ಮಾಡಿದರು: ಮೊದಲು ಕೆನಡಾ ಅಧಿಕಾರಿ ಕೆನಡಾ ಬದಿಯಲ್ಲಿ, ಆಮೇಲೆ ಅಮೆರಿಕದ ಅಧಿಕಾರಿ ಅಮೆರಿಕ ಬದಿಯಲ್ಲಿ. ನೀವು ಹಿಡಿದ ಕೇಂದ್ರ ಯಾವ ಬಗೆಯದು ಎಂದು ಮೊದಲೇ ನೋಡಿಕೊಳ್ಳಿ. ಎರಡು ತುಂಡಿನದಾದರೆ ಆ ದಿನ ಗಡಿ ದಾಟಲೇಬೇಕು, ಅದಕ್ಕೆ ಬೇಕಾದ ವೀಸಾ ಕೈಯಲ್ಲಿರಬೇಕು.

ಪಾಸ್‌ಪೋರ್ಟ್, ಪಿಆರ್ ಅಥವಾ ಗ್ರೀನ್ ಕಾರ್ಡ್, ಲೈಸೆನ್ಸ್, ವಿಳಾಸಕ್ಕೆ ಒಂದು ಬಿಲ್, ಕಾರಿನ ನೋಂದಣಿ ಪತ್ರ, ಮಂಜೂರಾತಿ ಪತ್ರದ ಪ್ರತಿ ಒಯ್ಯಿರಿ. ಬೆರಳಚ್ಚು, ಫೋಟೊ, ನಾಲ್ಕಾರು ಪ್ರಶ್ನೆ. ಅಂಚೆಯಲ್ಲಿ ಕಾರ್ಡ್ ಬಂದ ಮೇಲೆ ಪೋರ್ಟಲ್‌ನಲ್ಲಿ ಅದನ್ನು ಆಕ್ಟಿವೇಟ್ ಮಾಡುವುದನ್ನು ಬಹಳ ಜನ ಮರೆಯುತ್ತಾರೆ. ಮಾಡದಿದ್ದರೆ ಕಾರ್ಡ್ ಕೈಯಲ್ಲಿದ್ದೂ ಇಲ್ಲದಂತೆ.

ಗಡಿಯಲ್ಲಿ

1. ಹೊರಡುವ ಮುನ್ನ ಲೇನ್ ತೆರೆದಿದೆಯೇ ನೋಡಿ. ಎಲ್ಲ ಗಡಿಗಳಲ್ಲೂ ಈ ಲೇನ್ ದಿನವಿಡೀ ಇರುವುದಿಲ್ಲ. ರಾತ್ರಿ ಮುಚ್ಚುವ ಕಡೆ ಕಾರ್ಡ್ ಇದ್ದರೂ ಮಾಮೂಲಿ ಸಾಲೇ. ಎರಡೂ ಇಲಾಖೆಗಳು ಕಾಯುವ ಹೊತ್ತನ್ನು ವೆಬ್‌ಸೈಟಿನಲ್ಲಿ ಹಾಕುತ್ತವೆ. ನಯಾಗರದ ವರ್ಲ್‌ಪೂಲ್ ಸೇತುವೆ ನೆಕ್ಸಸ್‌ನವರಿಗೆಂದೇ ಮೀಸಲು. 1897ರ ಈ ಸೇತುವೆಯಲ್ಲಿ ಮೇಲೆ ರೈಲು, ಕೆಳಗೆ ಕಾರು. ಕಾರ್ಡ್ ಇಲ್ಲದವರು ಒಬ್ಬರು ಕಾರಿನಲ್ಲಿದ್ದರೂ ಆ ಕಡೆ ತಿರುಗಬೇಡಿ, ರೈನ್‌ಬೋ ಸೇತುವೆಗೆ ಹೋಗಿ.

2. ತಲೆ ಎಣಿಸಿ, ಕಾರ್ಡ್ ಎಣಿಸಿ. ಒಂದು ಕಾರ್ಡ್ ಮನೆಯಲ್ಲಿ ಉಳಿದಿದ್ದರೂ ಮಾಮೂಲಿ ಸಾಲಿಗೆ ಹೋಗಿ. 'ಮಗು ತಾನೇ, ಬಿಡುತ್ತಾರೆ' ಎಂದು ನುಗ್ಗಿದರೆ ಅದು ನಿಯಮ ಉಲ್ಲಂಘನೆಯೆಂದು ದಾಖಲಾಗುತ್ತದೆ, ಎಲ್ಲರ ಸದಸ್ಯತ್ವಕ್ಕೂ ಕುತ್ತು.

3. ಕಾರ್ಡ್ ಒಂದೇ ಸಾಲದು. ಅಮೆರಿಕ, ಕೆನಡಾದ ಪ್ರಜೆಗಳಿಗೆ ರಸ್ತೆ ಗಡಿಯಲ್ಲಿ ನೆಕ್ಸಸ್ ಕಾರ್ಡೇ ಗುರುತಿನ ದಾಖಲೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಕಾಯಂ ನಿವಾಸಿಗಳಿಗೆ ಹಾಗಲ್ಲ. ಗ್ರೀನ್ ಕಾರ್ಡ್‌ದಾರರಿಗೆ ಕೆನಡಾ ವೀಸಾ ಬೇಡ, ಆದರೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಜತೆಗಿರಬೇಕು. ಕೆನಡಾದ ಪಿಆರ್ ಇರುವ ಭಾರತೀಯರಿಗೆ ಅಮೆರಿಕಕ್ಕೆ ಹೋಗಲು ಬಿ1/ಬಿ2 ಸಂದರ್ಶಕ ವೀಸಾ ಬೇಕೇ ಬೇಕು. ನೆಕ್ಸಸ್ ವೀಸಾಕ್ಕೆ ಬದಲಿಯಲ್ಲ. ಅವರಿಗೆ ಐ-94, ಅಂದರೆ ಅಮೆರಿಕ ಪ್ರವೇಶದ ದಾಖಲೆಯೂ ಆಗಬೇಕು. ಚಾಲ್ತಿಯಲ್ಲಿರುವ ಐ-94 ಇಲ್ಲದಿದ್ದರೆ ಬೂತ್‌ನಿಂದ ಕಚೇರಿಯೊಳಕ್ಕೆ ಕಳಿಸುತ್ತಾರೆ, ಲೇನ್‌ನಲ್ಲಿ ಉಳಿಸಿದ ಹೊತ್ತೆಲ್ಲ ಅಲ್ಲೇ ಹೋಗುತ್ತದೆ.

4. ಕಾರ್ಡ್‌ಗಳನ್ನು ಕವಚದಿಂದ ಹೊರಗೆ ತೆಗೆಯಿರಿ. ನಮ್ಮ ಟೋಲ್‌ಗೇಟಿನ ಫಾಸ್ಟ್‌ಟ್ಯಾಗ್‌ನಲ್ಲಿರುವಂತೆ ಇದರಲ್ಲಿಯೂ ಆರ್‌ಎಫ್‌ಐಡಿ ಚಿಪ್ ಇದೆ. ಫಾಸ್ಟ್‌ಟ್ಯಾಗ್ ಗುರುತಿಸುವುದು ವಾಹನವನ್ನು, ಇದು ಗುರುತಿಸುವುದು ವ್ಯಕ್ತಿಯನ್ನು. ಕಾರ್ಡಿನ ಜತೆ ಬರುವ ಕವಚ ಇರುವುದೇ ಚಿಪ್ಪನ್ನು ಯಾರೂ ಓದದಂತೆ ತಡೆಯಲು, ಹಾಗಾಗಿ ಅದರೊಳಗಿಟ್ಟು ತೋರಿಸಿದರೆ ಗಡಿಯ ಯಂತ್ರವೂ ಓದುವುದಿಲ್ಲ.

5. ನೆಕ್ಸಸ್ ಫಲಕ ಕಂಡ ಕೂಡಲೇ ಲೇನ್ ಹಿಡಿಯಿರಿ. ಕೊನೆಯ ಗಳಿಗೆಯಲ್ಲಿ ಗಟ್ಟಿ ಗೆರೆ ದಾಟಿ ನುಗ್ಗಬೇಡಿ.

6. ರೀಡರ್ ಬಂದಾಗ ನಿಧಾನಿಸಿ, ಕಾರ್ಡ್‌ಗಳನ್ನು ಕಿಟಕಿಯ ಬಳಿ ಅಗಲ ಮುಖ ರೀಡರ್ ಕಡೆ ಇರುವಂತೆ ಹಿಡಿಯಿರಿ. ನಾಲ್ಕನ್ನೂ ಇಸ್ಪೀಟೆಲೆಯ ಕಟ್ಟಿನಂತೆ ಒತ್ತಿ ಹಿಡಿದರೆ ಒಂದನ್ನು ಓದಿ ಮೂರನ್ನು ಬಿಡುತ್ತದೆ. ಬಿಡಿಸಿ ಹಿಡಿಯಿರಿ, ಅಂಗೈ ಮುಚ್ಚದಿರಲಿ. ಓದಿದರೆ, ನೀವು ಬೂತ್ ತಲುಪುವಷ್ಟರಲ್ಲಿ ಅಧಿಕಾರಿಯ ಪರದೆಯಲ್ಲಿ ನಿಮ್ಮ ಫೋಟೊಗಳು ಬಂದಿರುತ್ತವೆ. ಓದದಿದ್ದರೆ ಗಾಬರಿ ಬೇಡ, ಬೂತ್‌ನಲ್ಲಿ ಕೈಗೆ ಕೊಡಿ.

7. ಮುಂದಿನ ಕಾರು ಹೋಗಿ, ಸಂಕೇತ ಸಿಗುವವರೆಗೆ ಗೆರೆಯ ಹಿಂದೆಯೇ ನಿಲ್ಲಿ. ಬೂತ್‌ನಲ್ಲಿ ತಂಪುಕನ್ನಡಕ ತೆಗೆದು, ಫೋನ್ ಕೆಳಗಿಟ್ಟು, ಹಿಂದಿನ ಕಿಟಕಿಗಳನ್ನೂ ಇಳಿಸಿ. ಎಲ್ಲಿಗೆ, ಎಷ್ಟು ದಿನ, ಏನು ತರುತ್ತಿದ್ದೀರಿ? ಕೇಳಿದ್ದಕ್ಕೆ ಚುಟುಕಾಗಿ ಉತ್ತರಿಸಿ. ಯಾರನ್ನು ಬೇಕಾದರೂ ಹೆಚ್ಚಿನ ತಪಾಸಣೆಗೆ ಪಕ್ಕಕ್ಕೆ ಕಳಿಸಬಹುದು. ಅದು ನಿಮ್ಮ ಮೇಲಿನ ಅನುಮಾನ ಎಂದೇ ತಿಳಿಯಬೇಕಿಲ್ಲ.

ಬಾಡಿಗೆ ಕಾರಿನಲ್ಲೂ ಈ ಲೇನ್ ಬಳಸಬಹುದು. ಗಡಿ ದಾಟಲು ಬಾಡಿಗೆ ಕಂಪನಿಯ ಅನುಮತಿ ಇದೆಯೇ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಿ. ಡಿಕ್ಕಿಯನ್ನೂ ಸೀಟಿನ ಕೆಳಗನ್ನೂ ಒಮ್ಮೆ ತಡಕಿ. ಹಿಂದಿನವರು ಬಿಟ್ಟುಹೋದದ್ದಕ್ಕೂ ನೀವೇ ಹೊಣೆ.

ಕಾರ್ಡ್ ಕಳೆಯುವುದು ಡಬ್ಬಿಯಲ್ಲಿ

ಕಳ್ಳಸಾಗಣೆಯಂಥ ದೊಡ್ಡ ಅಪರಾಧಕ್ಕಿಂತ ತಿಂಡಿಯ ಚೀಲದಿಂದ ಕಾರ್ಡ್ ಕಳೆದುಕೊಳ್ಳುವುದು ಸುಲಭ. ಕೆನಡಾದಿಂದ ಅಮೆರಿಕಕ್ಕೆ ಬರುವಾಗ ಮಗುವಿನ ಡಬ್ಬಿಯಲ್ಲಿರುವ ಕಿತ್ತಳೆ, ಚಿತ್ರಾನ್ನಕ್ಕೆಂದು ಇಟ್ಟ ನಿಂಬೆಹಣ್ಣು ಒಳಗೆ ಬಿಡದ ಸಾಮಾನುಗಳು. ಹಸಿ ಕರಿಬೇವು ಇನ್ನೂ ಅಪಾಯ. ಅದು ನಿಂಬೆಯ ಕುಲದ್ದೇ ಗಿಡ. ನಿಂಬೆ, ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟಕ್ಕೆ ಕರಿಬೇವೂ ಆಸರೆ. ಟೊರೊಂಟೊದ ಅಂಗಡಿಯಲ್ಲಿ ಕೊಂಡ ಒಂದು ಕಟ್ಟು ಸೊಪ್ಪನ್ನು ಬಫಲೊದ ತಂಗಿ ಮನೆಗೆ ಒಯ್ಯುವ ಯೋಚನೆ ಬಿಟ್ಟುಬಿಡಿ. ಕುರಿ, ಮೇಕೆ ಮಾಂಸ ಹಾಕಿದ ಅಡುಗೆಯೂ ಬೇಡ. ಗಾಂಜಾ ಕೆನಡಾದಲ್ಲೂ ವಾಷಿಂಗ್ಟನ್ ರಾಜ್ಯದಲ್ಲೂ ಕಾನೂನುಬದ್ಧ, ಆದರೆ ಯಾವ ದಿಕ್ಕಿಗೂ ಗಡಿ ದಾಟಿಸುವಂತಿಲ್ಲ.

ನಿಷೇಧಿತ ವಸ್ತು ತಂದದ್ದಕ್ಕಿಂತ ಹೇಳದೆ ತಂದದ್ದೇ ದೊಡ್ಡ ತಪ್ಪು. ಬೂತ್‌ನಲ್ಲಿ 'ಹಣ್ಣಿದೆ' ಎಂದರೆ ತೆಗೆದು ಬಿಸಾಡಿ ಕಳಿಸುತ್ತಾರೆ. 'ಏನೂ ಇಲ್ಲ' ಎಂದು, ಡಿಕ್ಕಿ ತೆರೆದಾಗ ಸಿಕ್ಕರೆ ದಂಡ ಮತ್ತು ಕಾರ್ಡ್ ಎರಡೂ. ಸಂಶಯ ಬಂದದ್ದನ್ನೆಲ್ಲ ಹೇಳಿಬಿಡಿ.

ಖರೀದಿಯ ಲೆಕ್ಕವೂ ಹೀಗೆಯೇ. ಕೆನಡಾ ನಿವಾಸಿಗಳು ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸುಂಕ ವಿನಾಯಿತಿ ಇಲ್ಲವೇ ಇಲ್ಲ. 24 ತಾಸು ಹೊರಗಿದ್ದರೆ 200 ಕೆನಡಿಯನ್ ಡಾಲರ್, 48 ತಾಸಾದರೆ 800. ಅಮೆರಿಕ ನಿವಾಸಿಗಳಿಗೆ 48 ತಾಸಿಗೆ ಮುಂಚೆ ಮರಳಿದರೆ 200 ಅಮೆರಿಕನ್ ಡಾಲರ್, ನಂತರ 800. ರಸೀದಿಗಳನ್ನು ಮುಂದಿನ ಸೀಟಿನಲ್ಲೇ ಇಟ್ಟುಕೊಳ್ಳಿ. ವ್ಯಾಪಾರದ ಸರಕಿದ್ದರೆ ಈ ಲೇನ್ ಬೇಡ. 10,000 ಡಾಲರ್ ಆಸುಪಾಸಿನ ನಗದು ಇದ್ದರೆ ತಿಳಿಸಿಯೇ ಮುಂದೆ ಹೋಗಿ. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ಜತೆಗಿರಲಿ.

ಬದಲಾವಣೆ, ನವೀಕರಣ

ಪಾಸ್‌ಪೋರ್ಟ್, ವಿಳಾಸ, ಲೈಸೆನ್ಸ್ ಬದಲಾದರೆ ಟಿಟಿಪಿ ಖಾತೆಯಲ್ಲಿ ತಿದ್ದಿ. ಭಾರತದ ಪೌರತ್ವ ಬಿಟ್ಟು ಕೆನಡಾ ಅಥವಾ ಅಮೆರಿಕದ ಪ್ರಜೆಯಾದರೆ ಆನ್‌ಲೈನ್ ತಿದ್ದುಪಡಿ ಸಾಲದು, ನೋಂದಣಿ ಕೇಂದ್ರಕ್ಕೆ ಹೋಗಬೇಕು.

ಕಾರ್ಡಿನ ಅವಧಿ ಹುಟ್ಟಿದ ದಿನಾಂಕಕ್ಕೆ ಮುಗಿಯುತ್ತದೆ. ಅದಕ್ಕೆ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಅವಧಿ ಮುಗಿಯುವ ಮೊದಲೇ ಹಾಕಿದ್ದರೆ, ಹೊಸ ಕಾರ್ಡ್ ತಡವಾದರೂ ಹಳೆಯದು 24 ತಿಂಗಳವರೆಗೆ ನಡೆಯುತ್ತದೆ. ಒಂದು ದಿನ ತಪ್ಪಿದರೂ ಈ ಸವಲತ್ತು ಇಲ್ಲ. ಕಾರ್ಡ್ ಕಳೆದುಹೋದರೆ ಖಾತೆಯಲ್ಲಿ ತಿಳಿಸಿ, 25 ಡಾಲರ್ ಕಟ್ಟಿ ಬದಲಿ ತರಿಸಿಕೊಳ್ಳಿ. ಅದು ಬಂದು, ಆಕ್ಟಿವೇಟ್ ಆಗುವವರೆಗೆ ಕಾರು ಮಾಮೂಲಿ ಸಾಲಿನಲ್ಲೇ ನಿಲ್ಲಬೇಕು.