ಹುಂಜದ ಗರಿಗೆ ಬಿದ್ದ ತೋಡಿನ ಮೀನು: ನನ್ನ ಅನುಭವ

"ನಮ್ಮ ತೋಡಿನ ಮೀನು ಎರೆಹುಳ ಬಿಟ್ಟು ಗರಿ ಕಚ್ಚುತ್ತಾ ಮಾರಾಯ?" ಅಂತ ಮಂಗಳೂರಿನ ಗಾಳದ ಗೆಳೆಯರು ನಗುತ್ತಿದ್ದರು. ಕಚ್ಚುತ್ತದೆ. ಈಗ ಅವರೇ ಬಂದು ಫ್ಲೈ, ಅಂದರೆ ಗಾಳಕ್ಕೆ ಗರಿ ಸುತ್ತಿ ಮಾಡಿದ ಸುಳ್ಳು ಹುಳ, ಕೇಳುತ್ತಾರೆ.

ಫ್ಲೈಗೆ ಹೆಸರಾದ ತಣ್ಣೀರಿನ ಮೀನು ಟ್ರೌಟ್ ಬೇಕಾದರೆ ನೀಲಗಿರಿಯಂಥ ಕಡೆ ಹೋಗಬೇಕು, ಅದೂ ಬ್ರಿಟಿಷರು ತಂದು ಬಿಟ್ಟದ್ದು. ಬೆಳ್ತಂಗಡಿ ಕಡೆ ನೇತ್ರಾವತಿಗೆ ಸೇರುವ ತೋಡುಗಳಲ್ಲಿ ಬ್ಯಾರಿಲಿಯಸ್ ಎಂಬ ಮೀನಿದೆ. ಹಿಲ್ ಟ್ರೌಟ್ ಅಂತ ಕರೆದರೂ ಕಾರ್ಪ್ (ಗೆಂಡೆ) ಬಳಗದ್ದೇ. ಅರ್ಧ ಗೇಣಿನ ಮೀನು, ಬದಿಯಲ್ಲಿ ಎರಡು ಸಾಲು ನೀಲಿ ಚುಕ್ಕೆ. ಆದರೆ ನೀರಿಗೆ ಬಿದ್ದ ಹುಳಕ್ಕೆ ಅದು ಎಗರುವುದನ್ನು ನೋಡಬೇಕು!

ಮೊದಲು ಒಂಬತ್ತು ಸಾವಿರ ಚಿಲ್ಲರೆ ಕೊಟ್ಟು ಫ್ಲೈ ರಾಡ್, ರೀಲ್ ತರಿಸಿದ್ದೆ. ಎಲ್ಲ ದಂಡ. ತಲೆ ಮೇಲೆ ಕೊಂಬೆ, ಹಿಂದೆ ಬಿದಿರು, ಫ್ಲೈ ರಾಡನ್ನು ಹಿಂದೆ ಮುಂದೆ ಬೀಸುವುದಕ್ಕೆ ಜಾಗ ಎಲ್ಲಿದೆ? ಒಂದಕ್ಕೆ ನೂರು ರೂಪಾಯಿ ಹತ್ತಿರ ಬಿದ್ದ ಫ್ಲೈಗಳಲ್ಲಿ ಮುಕ್ಕಾಲು ಪಾಲು ಬಿದಿರ ಮುಳ್ಳಿಗೇ ಹೋದವು. ಸೆಟ್ಟನ್ನು ಅರ್ಧ ಬೆಲೆಗೆ ಮಾರಿ, ಎರಡು ಸಾವಿರದೊಳಗೆ ಹನ್ನೆರಡು ಅಡಿಯ ಟೆಲಿಸ್ಕೋಪಿಕ್ (ಒಂದರೊಳಗೊಂದು ಸೇರುವ) ರಾಡ್ ತಗೊಂಡೆ. ರೀಲ್ ಇಲ್ಲ. ರಾಡಿಗಿಂತ ತುಸು ಗಿಡ್ಡ ಲೈನ್, ತುದಿಗೆ 0.12 ಎಂಎಂ ನೈಲಾನ್.

ಫ್ಲೈ ನಾನೇ ಕಟ್ಟುತ್ತೇನೆ, ಐದು ರೂಪಾಯಿ ದಾಟುವುದಿಲ್ಲ. 16 ನಂಬರಿನ ಸಣ್ಣ ಗಾಳ, ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿರಬೇಕು, ಯಾಕಂದ್ರೆ ನಾನು ಹಿಡಿದು ಬಿಡುವವನು. ಊರ ಹುಂಜದ ಕುತ್ತಿಗೆ ಗರಿ ಸುತ್ತಿ, ತೋಟದ ಕೆಂಪಿರುವೆಯ ಹಾಗೆ ನಡು ಸಣ್ಣ ಮಾಡಬೇಕು. ನೂಲಿನ ಬಣ್ಣ ಮಾತ್ರ ಕೇಳಬೇಡಿ.

ತೇಲಲಿ ಅಂತ ತೆಂಗಿನೆಣ್ಣೆ ಹಚ್ಚಿ ನೋಡಿದೆ. ಡಿಸೆಂಬರ್ ಬೆಳಿಗ್ಗೆ ತೋಡಿನ ತಂಪಿಗೆ ಗರಿಯೆಲ್ಲ ಬೆಳ್ಳಗೆ ಮೇಣ ಕಟ್ಟಿ ಮುದ್ದೆಯಾಯಿತು. ವ್ಯಾಸಲಿನ್ ಪರವಾಗಿಲ್ಲ, ಚೂರೇ ಚೂರು. ಕಾಗೆ ಗರಿಯೂ ಕಟ್ಟಿದ್ದೆ, ಸುಮ್ನೆ ಮುಳುಗುತ್ತದೆ.

ಮೀನು ಹರಿವಿಗೆ ಎದುರಾಗಿ ನಿಲ್ಲುವುದರಿಂದ ಕೆಳಗಿನಿಂದ ಕುಕ್ಕರಗಾಲಲ್ಲಿ ಹೋಗಿ, ಬಂಡೆಗಿಂತ ಮೇಲಿನ ಹರಿವಿಗೆ ಫ್ಲೈ ಹಾಕಿ, ಹರಿವಿನ ಜೊತೆ ಬರಲು ಬಿಡಿ. ಮೊದಲ ಸಲಕ್ಕೇ ಬಂದರೆ ಬಂತು, ಅದೇ ಗುಂಡಿಗೆ ನಾಲ್ಕನೇ ಸಲ ಹಾಕುವುದು ದಂಡ. ನೀರು ಸಿಡಿದ ಕೂಡಲೇ ಮಣಿಕಟ್ಟು ಎತ್ತಬೇಕು, ಇಲ್ಲದಿದ್ದರೆ ಮೀನು ಕ್ಷಣದಲ್ಲಿ ಫ್ಲೈ ಉಗಿದು ಬಿಡುತ್ತದೆ. ನೀರು ನಿಲ್ಲಿಸಲು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಕೆಳಗಿನ ಹರಿವು ಸತ್ತು ಹೋಗುತ್ತದೆ. ಆಮೇಲೆ ಮೇಲಿನ ತೋಡೇ ಗತಿ.

ಶಿಶಿಲದಂಥ ದೇವಸ್ಥಾನದ ಗುಂಡಿ, ಕುದುರೆಮುಖದ ಕಾಡು, ಇವಕ್ಕೆ ರಾಡ್ ತರಬೇಡಿ, ಅಲ್ಲಿ ಹಿಡಿಯುವಂತಿಲ್ಲ. ಬೇರೆಯವರ ತೋಟದ ಬದಿಯಾದರೆ ಕೇಳಿಯೇ ಇಳಿಯಿರಿ. ನನ್ನ ತೋಡು ಯಾವುದು ಅಂತ ಹೇಳುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ, ಅಲ್ವಾ?