ಮಲೆನಾಡಿನ ತೇವಕ್ಕೆ ತಡೆಯುವ ಸಬ್‌ವೂಫರ್ ಪೆಟ್ಟಿಗೆ

ಸಕಲೇಶಪುರ, ಮೂಡಿಗೆರೆ ಕಡೆಯವರು ದೊಡ್ಡ ಸಬ್‌ವೂಫರ್ (ತಗ್ಗು ಸ್ವರದ ಸ್ಪೀಕರ್) ಪೆಟ್ಟಿಗೆಗೆ ದಯವಿಟ್ಟು ಸಾದಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತರಬೇಡಿ. ಮಳೆಗಾಲದ ತೇವ ಕತ್ತರಿಸಿದ ಅಂಚಿನಿಂದ ಒಳಗಿಳಿದು ಹಲಗೆ ಊದುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. 18 ಮಿ.ಮೀ. ಬಿಡಬ್ಲ್ಯೂಪಿ (ಕುದಿನೀರಿಗೂ ತಡೆಯುವ) ಪ್ಲೈವುಡ್ಡೇ ಸರಿ.

ಒಳ ಅಳತೆ 50×50×40 ಸೆಂ.ಮೀ. ಇಟ್ಟರೆ 100 ಲೀಟರ್. ಸ್ಪೀಕರ್, ಪೈಪು, ಒಳಗಿನ ಅಡ್ಡಪಟ್ಟಿ ತಿನ್ನುವ ಜಾಗ ಇದರಲ್ಲಿ ಕಳೆಯಬೇಕು. ನಿಮ್ಮ ಸ್ಪೀಕರಿಗೆ ಎಷ್ಟು ಲೀಟರ್ ಬೇಕೆಂದು ಅದರ ಮಾಹಿತಿ ಹಾಳೆ ನೋಡಿಯೇ ಕತ್ತರಿಸಿ. 8×4 ಅಡಿಯ ಒಂದೇ ಶೀಟಿನಲ್ಲಿ ಆರು ಹಲಗೆ ಬಂದು, ಮುಂಭಾಗಕ್ಕೆ ಎರಡನೇ ಪದರಕ್ಕೂ ಉಳಿಯುತ್ತದೆ.

ಗಟ್ಟಿತನ ಕೊಡುವುದು ಅಂಟು. ಸ್ಕ್ರೂ ಅದು ಒಣಗುವವರೆಗೆ ಒತ್ತಿ ಹಿಡಿಯುವುದಕ್ಕೆ. 3 ಮಿ.ಮೀ. ತೂತು ಮೊದಲೇ ಕೊರೆದು, 15 ಸೆಂ.ಮೀ.ಗೊಂದು 40 ಮಿ.ಮೀ. ಸ್ಕ್ರೂ ಹಾಕಿ. ಕೊರೆಯದಿದ್ದರೆ ಪ್ಲೈ ಅಂಚು ಸೀಳುತ್ತದೆ. ಜಲನಿರೋಧಕ ಅಂಟು ಬಳಸಿ, ಮಳೆಗಾಲದಲ್ಲಿ ಪೂರ್ತಿ ಒಂದು ದಿನ ಮುಟ್ಟಬೇಡಿ.

ಪೋರ್ಟಿನ, ಅಂದರೆ ಪೆಟ್ಟಿಗೆಯ ಗಾಳಿ ಆಡುವ ಕಂಡಿಯ, ಪಿವಿಸಿ ಪೈಪನ್ನು ಲೆಕ್ಕಕ್ಕಿಂತ ತುಸು ಉದ್ದವೇ ಬಿಡಿ. ಕತ್ತರಿಸಿದಷ್ಟೂ ಟ್ಯೂನಿಂಗ್ (ಪೆಟ್ಟಿಗೆ ಅನುರಣಿಸುವ ಹರ್ಟ್ಸ್) ಮೇಲೇರುತ್ತದೆ, ಹೆಚ್ಚು ಕತ್ತರಿಸಿದರೆ ಹೊಸ ಪೈಪೇ ಗತಿ. ಪೈಪಿನ ಒಳತುದಿಗೂ ಹಿಂದಿನ ಹಲಗೆಗೂ ಪೈಪಿನ ವ್ಯಾಸದಷ್ಟಾದರೂ ಅಂತರವಿರಲಿ.

ಕೊನೆಗೆ 30 ಹರ್ಟ್ಸ್ ಸ್ವರವನ್ನು ಸಣ್ಣಗೆ ನುಡಿಸಿ, ಊದುಬತ್ತಿಯನ್ನು ಮೂಲೆಮೂಲೆಗೆ ಹಿಡಿಯಿರಿ. ಹೊಗೆ ನಡುಗಿದಲ್ಲಿ ಗಾಳಿ ಸೋರುತ್ತಿದೆ. ಒಳಗಿನಿಂದ ಸಿಲಿಕೋನ್ ತುಂಬಿ.