ಮೆಹರ್ ಮತ್ತು ಮಗಳ ಪಾಲು: ಕಾಗದದ ಮೇಲೆ ಬರೆಸಿಕೊಳ್ಳುವ ಬಗೆ

ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಮದುವೆ ಮಾತುಕತೆ ನಡೆಯುವಾಗ ಗಂಡಸರು ಪಡಸಾಲೆಯಲ್ಲಿ ಕೂರುತ್ತಾರೆ, ಹೆಂಗಸರು ಪರದೆಯ ಆಚೆ ಇರುತ್ತಾರೆ. ವರನ ಕಡೆಗೆ ಕೊಡುವ ಜೋಡೆ ಕಿ ರಕಮ್ ಎಂಬ ಹಣ ಎಷ್ಟು, ಶಾದಿಮಹಲ್ ಯಾವುದು ಎಂಬ ಚರ್ಚೆ ಗಂಟೆಗಟ್ಟಲೆ ಸಾಗುತ್ತದೆ; ಗಂಡ ಹೆಂಡತಿಗೆ ಕೊಡಲೇಬೇಕಾದ ಹಣ ಅಥವಾ ಚಿನ್ನವಾದ ಮೆಹರ್ ಮಾತ್ರ ನಿಕಾಹ್ ದಿನ ಖಾಜಿ ಸಾಹೇಬರು ಪೆನ್ನು ತೆಗೆದ ಮೇಲೆ ನೆನಪಾಗುತ್ತದೆ. ಕಡ್ಡಾಯವಾದದ್ದು ಮೆಹರ್, ವರದಕ್ಷಿಣೆಯಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೂಡ ವರದಕ್ಷಿಣೆಯ ವ್ಯಾಖ್ಯೆಯಿಂದ ಮೆಹರನ್ನು ಹೊರಗಿಟ್ಟಿದೆ. ಆದ್ದರಿಂದ ಮೊದಲ ಮಾತುಕತೆಯಲ್ಲೇ ಮೆಹರಿನ ವಿಷಯ ಎತ್ತಬೇಕು, ಅದಕ್ಕೂ ಮುನ್ನ ಹುಡುಗಿಯನ್ನು ಕೂರಿಸಿಕೊಂಡು ಅವಳಿಗೆ ಏನು ಬೇಕೆಂದು ಕೇಳಬೇಕು.

ರೂಪಾಯಿಗಿಂತ ಚಿನ್ನದ ಗ್ರಾಂ ಲೆಕ್ಕದಲ್ಲಿ ಮೆಹರ್ ಗೊತ್ತುಮಾಡುವುದು ಮೇಲು ಎಂಬುದು ನನ್ನ ಅನುಭವದ ಮಾತು. ನನ್ನ ನಾನಿಯ ನಿಕಾಹ್‌ನಾಮೆಯಲ್ಲಿ (ಮದುವೆಯ ಕರಾರು ಪತ್ರದಲ್ಲಿ) ಬರೆದಿದ್ದ 125 ರೂಪಾಯಿ ನಾನು ನೋಡುವ ಹೊತ್ತಿಗೆ ಒಂದು ವಾರದ ತರಕಾರಿಗೂ ಸಾಲುತ್ತಿರಲಿಲ್ಲ. ಇನ್ನೊಂದು ಎಚ್ಚರವೂ ಬೇಕು. ತಕ್ಷಣ ಕೊಡಬೇಕಾದ ಮೆಹರಿಗೂ ಮುಂದೆ ಕೊಡುವ ಮೆಹರಿಗೂ ಉರ್ದುವಿನಲ್ಲಿ ‘ಮುಅಜ್ಜಲ್’ ಎಂದೇ ಹೇಳುತ್ತಾರೆ. ಒಂದನ್ನು ಐನ್ ಅಕ್ಷರ ಹಾಕಿ, ಇನ್ನೊಂದನ್ನು ಹಮ್ಜಾ ಅಕ್ಷರ ಹಾಕಿ ಬರೆಯುತ್ತಾರೆ. ಕಿವಿಗೆ ಎರಡೂ ಒಂದೇ, ಕನ್ನಡ ಲಿಪಿಯಲ್ಲಂತೂ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ಆ ಪದವನ್ನು ನಂಬಿ ಕೂರದೆ, ‘ಇಷ್ಟು ಗ್ರಾಂ ಚಿನ್ನ ಇಂದೇ ವಧುವಿನ ಕೈಗೆ ಕೊಟ್ಟಿದೆ, ಉಳಿದ ಇಷ್ಟನ್ನು ಅವಳು ಕೇಳಿದಾಗ ಕೊಡತಕ್ಕದ್ದು’ ಎಂದು ಬಿಡಿಸಿ ಬರೆಸಿ. ಮದುವೆಯ ನಂತರ ಓದು ಅಥವಾ ಕೆಲಸ ಮುಂದುವರಿಸುವ ಷರತ್ತನ್ನೂ, ಗೊತ್ತಾದ ಸಂದರ್ಭದಲ್ಲಿ ಹೆಂಡತಿಯೇ ತಲಾಖ್ ಪಡೆಯಬಹುದಾದ ತಫ್ವೀಜ್ ಅಧಿಕಾರವನ್ನೂ ನಿಕಾಹ್‌ನಾಮೆಯಲ್ಲಿ ಸೇರಿಸಲು ಅವಕಾಶವಿದೆ. ವಧುವಿನ ಪರವಾಗಿ ಒಪ್ಪಿಗೆ ತಿಳಿಸುವ ‘ವಕೀಲ’ ಮತ್ತು ಇಬ್ಬರು ಗವಾಹ್‌ಗಳು (ಸಾಕ್ಷಿಗಳು) ಒಪ್ಪಿಗೆ ಕೇಳಲು ಒಳಗೆ ಬಂದಾಗ ಮೆಹರಿನ ಮೊತ್ತವನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಒಂದು ಪ್ರತಿ ತವರಿನಲ್ಲಿರಲಿ, ಇನ್ನೊಂದು ಅವಳ ಬಳಿಯೇ ಇರಲಿ.

ನಮ್ಮಲ್ಲಿ ಎಷ್ಟೋ ಹೆಂಗಸರು ಮನೆಯಲ್ಲೇ ಕೂತು ಜೀನ್ಸ್ ಹೊಲಿಯುತ್ತಾರೆ, ಪೀಸಿನ ಲೆಕ್ಕದ ಹಣ ಗಂಡನ ಕೈಗೆ ಸೇರುತ್ತದೆ. ಶರೀಅತ್ ಪ್ರಕಾರ ಹೆಂಡತಿಯ ದುಡಿಮೆ ಹೆಂಡತಿಯದೇ, ಆಕೆ ಸಂಪಾದಿಸುತ್ತಿದ್ದರೂ ಮನೆಯ ಖರ್ಚಿನ ಹೊಣೆ ಗಂಡನ ಮೇಲೆಯೇ ಇರುತ್ತದೆ. ಹೊಲಿಗೆ ಯಂತ್ರದ ರಸೀದಿಯನ್ನು ನಿಮ್ಮ ಹೆಸರಿನಲ್ಲೇ ಪಡೆಯಿರಿ, ಕೂಲಿ ನಿಮ್ಮದೇ ಬ್ಯಾಂಕ್ ಖಾತೆಗೆ ಬರಲಿ.

ಗಂಡ ತೀರಿಕೊಂಡ ದಿನ ಜನಾಜಾ ಎತ್ತುವ ಮುನ್ನ ಹಿರಿಯಳೊಬ್ಬಳು ಹೆಂಡತಿಯ ಭುಜ ಹಿಡಿದು ‘ಮೆಹರ್ ಮಾಫ್ ಕರ್ ದೇ ಬೇಟಿ’ (ಮೆಹರ್ ಬಿಟ್ಟುಕೊಡು ಮಗಳೇ) ಎನ್ನುತ್ತಾಳೆ. ಅಳುತ್ತಿರುವವಳು ಹೂಂ ಎಂದುಬಿಡುತ್ತಾಳೆ. ಆ ಗಳಿಗೆಯಲ್ಲಿ ಯಾರೂ ಹಾಗೆ ಕೇಳಬಾರದು, ಯಾರೂ ಹೂಂ ಎನ್ನಬೇಕಾಗಿಯೂ ಇಲ್ಲ. ಕೊಡದೆ ಉಳಿದ ಮೆಹರ್ ಗಂಡನ ಮೇಲಿನ ಸಾಲ. ಅಂತ್ಯಕ್ರಿಯೆಯ ಖರ್ಚು ಮುಗಿದ ಮೇಲೆ ಮೆಹರೂ ಸೇರಿದಂತೆ ಸಾಲಗಳು ತೀರಬೇಕು, ನಂತರ ಮೂರನೇ ಒಂದರ ಮಿತಿಯಲ್ಲಿ ವಸೀಯತ್ (ಉಯಿಲು), ಕೊನೆಗೆ ವಾರಸುದಾರರ ಪಾಲು.

ಪಾಲಿನ ಲೆಕ್ಕವನ್ನು ಮನೆಯ ಹೆಣ್ಣುಮಕ್ಕಳೇ ಕಲಿತಿರಬೇಕು. ಸುನ್ನಿಗಳಲ್ಲಿ ಒಂದು ಪಂಥವಾದ ಹನಫಿ ಕುಟುಂಬದಲ್ಲಿ ತಂದೆ ತೀರಿಕೊಂಡು, ಅವರ ಅಪ್ಪ ಅಮ್ಮ ಈಗಾಗಲೇ ಇಲ್ಲದೆ, ಹೆಂಡತಿ, ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳು ಉಳಿದಿದ್ದರೆ ಆಸ್ತಿಯನ್ನು 32 ಭಾಗ ಮಾಡಿ: ಎಂಟನೇ ಒಂದರಂತೆ ಹೆಂಡತಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7. ಮಗಳಿಗೆ ಅರ್ಧವೇ ಏಕೆ ಎಂಬ ಪ್ರಶ್ನೆ ನನ್ನೊಳಗೂ ಇದೆ, ಆದರೆ ಆ ಅರ್ಧವೂ ಕೈಸೇರದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಖಾಲಾ (ತಾಯಿಯ ಸೋದರಿ), ತಮ್ಮ ಅಪ್ಪನ ಚಾಲೀಸ್ವಾಂ (ನಲವತ್ತನೇ ದಿನದ ಕಾರ್ಯ) ಮುಗಿದ ಮರುವಾರ, ಅಣ್ಣಂದಿರು ಚಾಚಿದ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿದರು. ಈದ್‌ಗೆ ಬರುವ ಸೀರೆ ನಿಂತೀತು, ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆ ಅವರದು.

ಹೀಗಾಗದಿರಲು ಮೊದಲು ಮರಣ ಪ್ರಮಾಣಪತ್ರದ ಪ್ರತಿ ತೆಗೆದುಕೊಳ್ಳಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹೋಗುವಾಗ ಮದುವೆಯಾದ ಹೆಣ್ಣುಮಕ್ಕಳ ಹೆಸರೂ ಅದರಲ್ಲಿದೆಯೇ ಎಂದು ಖುದ್ದಾಗಿ ನೋಡಿ, ಏಕೆಂದರೆ ಅಲ್ಲಿ ಬಿಟ್ಟುಹೋದ ಹೆಸರು ಮುಂದೆ ಖಾತೆಯಲ್ಲೂ ಬರುವುದಿಲ್ಲ. ಬಿಟ್ಟಿದ್ದರೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ತಂದೆ ಬದುಕಿರುವಾಗ ವಾರಸಿನ ಹಕ್ಕು ಹುಟ್ಟಿರುವುದೇ ಇಲ್ಲ. ಆಗ ಹಣ ಪಡೆದು ‘ನನಗೆ ಪಾಲು ಬೇಡ’ ಎಂದು ಬರೆದುಕೊಟ್ಟರೆ ಮುಂದೆ ತೊಡಕಾಗುತ್ತದೆ. ಹೊಲದ ವಿಷಯದಲ್ಲಿ ಇನ್ನೂ ಹುಷಾರಾಗಿರಿ, 1937ರ ಶರೀಅತ್ ಕಾಯ್ದೆಯ ಎರಡನೇ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿರುವುದರಿಂದ ಪಹಣಿ ಹಿಡಿದು ವಕೀಲರನ್ನು ಕಾಣುವುದು ಅಗತ್ಯ.

ವಕೀಲರ ಫೀಜಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ನಿಕಾಹ್‌ನಾಮೆ, ಆಧಾರ್, ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಮನೆಯ ಖಾತೆಯ ನಕಲು ಜೊತೆಗಿರಲಿ. ಒಬ್ಬರೇ ಹೋಗಲು ಮನಸ್ಸು ಹಿಂಜರಿದರೆ ಮಗಳನ್ನೋ ತಂಗಿಯನ್ನೋ ಕರೆದೊಯ್ಯಿರಿ, ಅವಳೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.